ಯಂತ್ರಕ್ಕೆ ಗುಮಾಸ್ತರ ಭಾಷೆ ಕಲಿಸಿದ ಗ್ರೇಸ್ ಹಾಪರ್

ಯಾವುದೊಂದು ವಿದ್ಯೆ ಕೆಲವರ ಕೈಯಲ್ಲಿ ನೆಲೆನಿಂತಿತೆಂದರೆ ಅದರ ಸುತ್ತ ಕೆಲವು ನಂಬಿಕೆಗಳು ಬೇಲಿಯಂತೆ ಬೆಳೆದುಕೊಳ್ಳುತ್ತವೆ. ಇದಕ್ಕೆ ಸಾಮಾನ್ಯವಾಗಿ ನೂರಾರು ವರ್ಷಗಳು ಬೇಕಾಗುತ್ತವೆ. ಆದರೆ ಗಣಕಯಂತ್ರದ ವಿದ್ಯೆಗೆ ಹತ್ತು ವರ್ಷಗಳೂ ಬೇಕಾಗಲಿಲ್ಲ. 1950ರ ಸುಮಾರಿಗೆ ಅಮೇರಿಕಾದಲ್ಲಿ ಈ ಯಂತ್ರಗಳು ಎಣಿಸುವಷ್ಟೇ ಇದ್ದವು. ಅವುಗಳನ್ನು ನಡೆಸಬಲ್ಲ ಪಂಡಿತರೂ ಅಲ್ಪಸಂಖ್ಯೆಯವರೇ. ಆದರೂ ಅಷ್ಟರೊಳಗಾಗಿ ಆ ಪಂಡಿತರಲ್ಲಿ ಎರಡು ಮಾತುಗಳು ವೇದವಾಕ್ಯದಂತೆ ಬೇರೂರಿಬಿಟ್ಟಿದ್ದವು. ಯಂತ್ರವು ಅಂಕಿಗಳನ್ನು ಕೂಡಿಸಿ ಕಳೆಯಬಲ್ಲುದೇ ಹೊರತು ಮನುಷ್ಯರ ಮಾತನ್ನು ಅರಿಯಲಾರದು ಎಂಬುದು ಒಂದು. ಯಂತ್ರಕ್ಕೆ ಆದೇಶ ಬರೆಯುವುದು ಗಣಿತಜ್ಞರ ಕಾರ್ಯ, ಉಳಿದವರಿಗೆ ಅಲ್ಲಿ ಪ್ರವೇಶವಿಲ್ಲ ಎಂಬುದು ಇನ್ನೊಂದು. ಈ ಎರಡನ್ನೂ ಸುಳ್ಳೆಂದು ತೋರಿಸಿಕೊಟ್ಟವರಲ್ಲಿ ಅಗ್ರಗಣ್ಯರು ಗ್ರೇಸ್ ಹಾಪರ್ ಎಂಬ ಮಹಿಳೆ. ಸ್ವತಃ ಗಣಿತದಲ್ಲಿ ಡಾಕ್ಟರೇಟ್ ಪಡೆದು ಆ ಬೇಲಿಯ ಒಳಗೇ ಇದ್ದವರು ಅವರು. ಒಳಗಿದ್ದವರೇ ಬೇಲಿ ಕೀಳಲು ಹೊರಟರೆಂಬುದು ಈ ಚರಿತ್ರೆಯ ಸ್ವಾರಸ್ಯ.

ಗ್ರೇಸ್ ಬ್ರೂಸ್ಟರ್ ಮರ್ರೆ ಹುಟ್ಟಿದುದು 1906ನೆಯ ಇಸವಿ ಡಿಸೆಂಬರ್ 9ರಂದು, ನ್ಯೂಯಾರ್ಕ್ ನಗರದಲ್ಲಿ. ತಂದೆ ವಿಮಾ ವ್ಯವಹಾರದವರು. ತಾಯಿಗೆ ಗಣಿತದಲ್ಲಿ ಬಹಳ ಆಸಕ್ತಿ. ತಾಯಿಯ ತಂದೆ ನಗರದ ಇಂಜಿನಿಯರರು. ರಕ್ತನಾಳಗಳ ರೋಗದಿಂದಾಗಿ ತಂದೆಯು ಎರಡೂ ಕಾಲುಗಳನ್ನು ಕಳೆದುಕೊಂಡು ಮರದ ಕಾಲುಗಳ ಮೇಲೆ ನಡೆದಾಡುತ್ತಿದ್ದರು. ತನಗೆ ಏನಾದರೂ ಆದರೆ ಮಕ್ಕಳು ಯಾರ ಹಂಗಿಗೂ ಬೀಳಬಾರದು, ಹೆಣ್ಣುಮಕ್ಕಳಿಗೂ ಗಂಡುಮಗನಿಗೆ ಸಮನಾದ ವಿದ್ಯೆ ದೊರೆಯಬೇಕು ಎಂಬುದು ಅವರ ದೃಢವಾದ ಅಭಿಪ್ರಾಯವಾಗಿತ್ತು. ಆ ಕಾಲಕ್ಕೆ ಅಮೇರಿಕಾದಲ್ಲಿಯೂ ಇದು ಸಾಮಾನ್ಯ ಸಂಗತಿಯಾಗಿರಲಿಲ್ಲ.

ಏಳು ವರ್ಷದ ಬಾಲಕಿಯಾಗಿದ್ದಾಗ ನಡೆದ ಒಂದು ಪ್ರಸಂಗವನ್ನು ಆಕೆಯ ಚರಿತ್ರೆ ಬರೆದವರೆಲ್ಲರೂ ಹೇಳುತ್ತಾರೆ. ಬೇಸಗೆಯಲ್ಲಿ ಕುಟುಂಬವು ತಂಗುತ್ತಿದ್ದ ಮನೆಯ ಕೋಣೆಗಳಲ್ಲಿ ಏಳು ಅಲಾರಂ ಗಡಿಯಾರಗಳಿದ್ದವು. ಗಡಿಯಾರ ಹೇಗೆ ನಡೆಯುತ್ತದೆಂದು ತಿಳಿಯಲು ಗ್ರೇಸ್ ಒಂದನ್ನು ಬಿಚ್ಚಿದಳು. ಅದನ್ನು ಮತ್ತೆ ಜೋಡಿಸಲು ಬಾರದೆ, ನೋಡಿ ಕಲಿಯೋಣವೆಂದು ಎರಡನೆಯದನ್ನು ಬಿಚ್ಚಿದಳು. ಹೀಗೆ ಏಳೂ ನೆಲದ ಮೇಲೆ ಹರಡಿದವು. ತಾಯಿ ಗದರಿಸಿ ಸುಮ್ಮನಾಗಲಿಲ್ಲ. ಇನ್ನು ಮುಂದೆ ಬಿಚ್ಚುವುದಾದರೆ ಒಂದೇ ಗಡಿಯಾರವನ್ನು ಬಿಚ್ಚಬೇಕೆಂದು ಕಟ್ಟಳೆ ಮಾಡಿದರು. ಎಂತಹ ತಾಯಿ!

ಕಾಲೇಜಿಗೆ ಸೇರುವಲ್ಲಿ ಲ್ಯಾಟಿನ್ ಭಾಷೆಯ ಪರೀಕ್ಷೆಯಲ್ಲಿ ನಪಾಸಾದುದರಿಂದ ಒಂದು ವರ್ಷ ಕಾಯಬೇಕಾಯಿತು. 1924ರಲ್ಲಿ ವಾಸರ್ ಕಾಲೇಜನ್ನು ಸೇರಿ 1928ರಲ್ಲಿ ಗಣಿತ ಮತ್ತು ಭೌತಶಾಸ್ತ್ರಗಳಲ್ಲಿ ಪದವೀಧರೆಯಾಗಿ, ಯೇಲ್ ವಿಶ್ವವಿದ್ಯಾನಿಲಯದಿಂದ 1930ರಲ್ಲಿ ಎಂ.ಎ., 1934ರಲ್ಲಿ ಡಾಕ್ಟರೇಟ್ ಪಡೆದರು. 1930ರಲ್ಲಿಯೇ ವಿನ್ಸೆಂಟ್ ಹಾಪರ್ ಎಂಬ ವಿದ್ವಾಂಸರೊಡನೆ ವಿವಾಹವಾಯಿತು. ಮಕ್ಕಳಾಗಲಿಲ್ಲ. 1945ರಲ್ಲಿ ವಿವಾಹವು ವಿಚ್ಛೇದನದಲ್ಲಿ ಕೊನೆಗೊಂಡರೂ ಹಾಪರ್ ಎಂಬ ಹೆಸರನ್ನು ಅವರು ಕಡೆಯವರೆಗೂ ಉಳಿಸಿಕೊಂಡರು. ವಾಸರ್ ಕಾಲೇಜಿನಲ್ಲಿ ಉಪಾಧ್ಯಾಯಿನಿಯಾಗಿ ಹನ್ನೆರಡು ವರ್ಷ ನೆಮ್ಮದಿಯಿಂದ ಕಳೆದವು.

1941ರ ಡಿಸೆಂಬರಿನಲ್ಲಿ ಅಮೇರಿಕಾ ಯುದ್ಧಕ್ಕಿಳಿಯಿತು. ಶ್ರೀಮತಿ ಹಾಪರರಿಗೆ ನೌಕಾಪಡೆಯನ್ನು ಸೇರುವ ಆಸೆ. ವಯಸ್ಸು ಮೀರಿತ್ತು, ತೂಕವು ನಿಯಮಕ್ಕಿಂತ 15 ಪೌಂಡ್ ಕಡಿಮೆಯಿತ್ತು, ಗಣಿತದ ಅಧ್ಯಾಪಕರನ್ನು ಪಾಠದ ಕೆಲಸದಿಂದ ಬಿಡಿಸಬಾರದೆಂಬ ಸರಕಾರದ ಧೋರಣೆಯೂ ಅಡ್ಡವಾಗಿತ್ತು. ಒಂದೊಂದಕ್ಕೂ ವಿನಾಯಿತಿ ಬೇಡಿ ಪಡೆದು 1943ರ ಕೊನೆಗೆ ಸೇರಿಯೇಬಿಟ್ಟರು. ತರಬೇತಿಯಲ್ಲಿ ತಮ್ಮ ತಂಡಕ್ಕೆ ಮೊದಲಿಗರಾಗಿ ತೇರ್ಗಡೆ ಹೊಂದಿದರು. ಹಡಗು ಹತ್ತುವ ನಿರೀಕ್ಷೆಯಲ್ಲಿದ್ದವರನ್ನು 1944ರ ಜುಲೈಯಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಒಂದು ನೆಲಮಾಳಿಗೆಗೆ ಕಳುಹಿಸಲಾಯಿತು.

ಅಲ್ಲಿದ್ದುದು ಮಾರ್ಕ್ ಒಂದು ಎಂಬ ಯಂತ್ರ. ಉದ್ದ 51 ಅಡಿ, ಎತ್ತರ 8 ಅಡಿ. ಏಳು ಲಕ್ಷಕ್ಕೂ ಮಿಕ್ಕಿದ ಬಿಡಿಭಾಗಗಳು. ಒಂದು ಸೆಕೆಂಡಿಗೆ ಮೂರು ಕೂಡಿಕೆಗಳನ್ನು ಮಾಡುತ್ತಿತ್ತು. ಒಂದು ಗುಣಾಕಾರಕ್ಕೆ ಸುಮಾರು ಆರು ಸೆಕೆಂಡು ತೆಗೆದುಕೊಳ್ಳುತ್ತಿತ್ತು. ತೂತುಗಳಿದ್ದ ಕಾಗದದ ಸುರುಳಿಯ ಮೂಲಕ ಅದಕ್ಕೆ ಆದೇಶಗಳನ್ನು ಉಣಿಸಬೇಕಾಗಿತ್ತು. ಅದರ ಒಡೆಯರಾದ ಹೊವಾರ್ಡ್ ಐಕನ್ ಅವರಿಗೆ ಮಹಿಳೆಯೊಬ್ಬರು ಅಧಿಕಾರಿಯಾಗಿ ಬರುವುದು ರುಚಿಸಿರಲಿಲ್ಲ. ಬಂದ ದಿನವೇ ಇಷ್ಟು ತಡವೇಕೆಂದು ಕೇಳಿ, 23 ಸ್ಥಾನಗಳವರೆಗಿನ ಒಂದು ಕಠಿಣ ಲೆಕ್ಕವನ್ನು ಒಪ್ಪಿಸಿ, ಒಂದು ವಾರದ ಗಡುವು ಕೊಟ್ಟರು. ಹಾಪರರು ಮಾಡಿ ಮುಗಿಸಿದರು. ಅನಂತರ ಯಂತ್ರದ ಕುರಿತು ಗ್ರಂಥ ಬರೆಯುವ ಹೊಣೆಯೂ ಅವರ ಹೆಗಲಿಗೇ ಬಿತ್ತು. 1946ರಲ್ಲಿ ಪ್ರಕಟವಾದ 561 ಪುಟಗಳ ಆ ಗ್ರಂಥವು ಇಂತಹ ಯಂತ್ರಗಳ ಬಗ್ಗೆ ಹೊರಬಂದ ಮೊದಲ ಕೈಪಿಡಿಗಳಲ್ಲಿ ಒಂದು. ಯುದ್ಧಕಾಲದಲ್ಲಿ ಈ ಯಂತ್ರದ ಮೇಲೆ ನಡೆದ ಲೆಕ್ಕಗಳಲ್ಲಿ ಅಣುಬಾಂಬಿಗೆ ಸಂಬಂಧಪಟ್ಟವೂ ಇದ್ದವು. ಮಾಡುತ್ತಿದ್ದವರಿಗೆ ಅದು ಯಾವುದಕ್ಕೆಂಬ ಸುಳಿವನ್ನೂ ಕೊಟ್ಟಿರಲಿಲ್ಲ.

ಇಲ್ಲಿ ಒಂದು ಪ್ರಚಲಿತ ಕಥೆಯನ್ನು ತಿದ್ದುವುದು ಅವಶ್ಯ. ಗಣಕಯಂತ್ರದ ದೋಷಕ್ಕೆ ಹುಳ ಎಂಬರ್ಥದ ಬಗ್ ಎಂಬ ಹೆಸರು ಬಂದುದು ಹಾಪರರಿಂದ ಎಂದು ಅನೇಕರು ಹೇಳುತ್ತಾರೆ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡಿನ ಮಾರ್ಕ್ ಎರಡು ಯಂತ್ರದ ಒಂದು ರಿಲೇಯಲ್ಲಿ ಪತಂಗವೊಂದು ಸಿಕ್ಕಿಬಿದ್ದುದೂ ಅದನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿದುದೂ ನಿಜ. ಆ ಪುಟವನ್ನು ವಾಷಿಂಗ್ಟನ್ನಿನ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ಆದರೆ ಪತಂಗವನ್ನು ಹಿಡಿದವರು ಹಾಪರರಲ್ಲ. ಆ ಪದವಾದರೋ ಎಡಿಸನ್ನರ ಕಾಲದಿಂದಲೂ ಬಳಕೆಯಲ್ಲಿತ್ತು. ಹಾಪರರು ಮಾಡಿದುದು ಇಷ್ಟೇ: ಆ ಕಥೆಯನ್ನು ನಲವತ್ತು ವರ್ಷಗಳ ಕಾಲ ಊರೂರಿನಲ್ಲಿ ರಸವತ್ತಾಗಿ ಹೇಳಿದರು.

ವಾಸರ್ ಕಾಲೇಜು ಪ್ರೊಫೆಸರ್ ಹುದ್ದೆಯನ್ನು ಕೊಡಲು ಮುಂದೆ ಬಂದರೂ ಹಿಂದಿರುಗದೆ, 1949ರಲ್ಲಿ ಅವರು ಫಿಲಡೆಲ್ಫಿಯದ ಎಕರ್ಟ್-ಮೌಕ್ಲಿ ಕಂಪೆನಿಯನ್ನು ಸೇರಿದರು. ಯೂನಿವ್ಯಾಕ್ ಎಂಬ ವಾಣಿಜ್ಯ ಗಣಕಯಂತ್ರವನ್ನು ಕಟ್ಟುತ್ತಿದ್ದ ಆ ಕಂಪೆನಿಯನ್ನು 1950ರಲ್ಲಿ ರೆಮಿಂಗ್ಟನ್ ರ‍್ಯಾಂಡ್ ಸಂಸ್ಥೆ ಕೊಂಡಿತು. ಆ ವರ್ಷಗಳು ಹಾಪರರ ಜೀವನದ ಕತ್ತಲೆಯ ಕಾಲ. ಮನೆ ಮುರಿದಿತ್ತು, ಭವಿಷ್ಯ ನಿಶ್ಚಿತವಿರಲಿಲ್ಲ. ಕುಡಿತ ಮಿತಿಮೀರಿ 1949ರಲ್ಲಿ ಪೋಲೀಸರ ವಶಕ್ಕೆ ಹೋಗುವವರೆಗೂ ಬಂದಿತ್ತು. ಗೆಳೆಯರು ಕಟುವಾಗಿಯೇ ಬುದ್ಧಿ ಹೇಳಿದರು, ಅವರು ಮೇಲೆದ್ದರು. ರಾತ್ರಿ ಕದ ಹಾಕಿದ ಮೇಲೆ ಒಂಟಿತನವನ್ನು ಎದುರಿಸಬೇಕಾದವರು ನಮ್ಮ ವಾಚಕರಲ್ಲಿ ಅನೇಕರಿರುವುದರಿಂದ ಈ ಸಂಗತಿಯನ್ನು ಮರೆಮಾಚಲು ನನಗೆ ಮನಸ್ಸಾಗಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಆ ಕಂಪೆನಿಯ ಬೈನ್ಯಾಕ್ ಎಂಬ ಯಂತ್ರಕ್ಕೆ ಆದೇಶ ಬರೆಯಬೇಕಾದರೆ ಎಂಟರ ಲೆಕ್ಕವನ್ನು ಬಲ್ಲವರಾಗಿರಬೇಕಿತ್ತು. ನಾವು ಹತ್ತಕ್ಕೆ ದಶಕ ದಾಟುವಂತೆ ಅಲ್ಲಿ ಎಂಟಕ್ಕೇ ದಾಟಬೇಕು. ಏಳಕ್ಕೆ ಒಂದು ಕೂಡಿಸಿದರೆ ಹತ್ತೆಂದು ಬರೆಯಬೇಕು. ಹಾಪರರು ಈ ಲೆಕ್ಕದಲ್ಲಿ ಕೂಡುವುದು, ಕಳೆಯುವುದು, ಗುಣಿಸುವುದೆಲ್ಲವನ್ನೂ ಕರಗತ ಮಾಡಿಕೊಂಡರು. ಕೆಲವು ಕಾಲದ ಮೇಲೆ ಅವರ ಬ್ಯಾಂಕಿನ ಚೆಕ್ಕುಪುಸ್ತಕದ ಲೆಕ್ಕ ತಾಳೆಯಾಗದೆ ಹೋಯಿತು. ತಿಂಗಳುಗಳ ಕಾಲ ಹುಡುಕಿದರೂ ತಪ್ಪು ಸಿಗಲಿಲ್ಲ. ಕೊನೆಗೆ ಬ್ಯಾಂಕಿನ ವ್ಯವಹಾರವನ್ನು ಬಲ್ಲ ತಮ್ಮನಿಗೆ ಪುಸ್ತಕವನ್ನು ಒಪ್ಪಿಸಿದರು. ಆತ ಕುಳಿತು ನೋಡಿ, ಅಕ್ಕ ಅಲ್ಲಲ್ಲಿ ಎಂಟರ ಲೆಕ್ಕದಲ್ಲಿ ಕಳೆದಿರುವುದನ್ನು ಪತ್ತೆಹಚ್ಚಿದನು!

ನಗೆ ತರಿಸುವ ಪ್ರಸಂಗ, ಸರಿ. ಆದರೆ ಹಾಪರರು ಅದರಿಂದ ಗಂಭೀರವಾದ ಒಂದು ನಿರ್ಣಯಕ್ಕೆ ಬಂದರು. ಮನುಷ್ಯನು ಯಂತ್ರದ ಭಾಷೆ ಕಲಿಯಹೊರಟರೆ ಕೆಡುವುದು ಮನುಷ್ಯನ ಲೆಕ್ಕ. ಕಲಿಯುವ ಶ್ರಮವನ್ನು ಯಂತ್ರದ ಮೇಲೆಯೇ ಏಕೆ ಹಾಕಬಾರದು? ಪಂಡಿತರ ಸಭೆಯಲ್ಲಿ ಅಲ್ಲಿಯವರೆಗೆ ಯಾರೂ ಹೀಗೆ ತಿರುಗಿಸಿ ಕೇಳುತ್ತಿರಲಿಲ್ಲ.

ಇನ್ನೊಂದು ತೊಂದರೆಯೂ ಅವರ ಕಣ್ಣಿಗೆ ಬಿದ್ದಿತ್ತು. ಒಂದು ಲೆಕ್ಕಕ್ಕಾಗಿ ಬರೆದ ಆದೇಶಗಳ ತುಣುಕು ಇನ್ನೊಂದು ಲೆಕ್ಕಕ್ಕೂ ಬೇಕಾಗುತ್ತಿತ್ತು. ಬೆಳಗಿನ ಜಾವ ಒಮ್ಮೆ ರುಬ್ಬಿದ ಹಿಟ್ಟಿನಿಂದಲೇ ದೋಸೆಯೂ ಉತ್ತಪ್ಪವೂ ಆಗುವುದಿಲ್ಲವೆ, ಹಾಗೆ. ಆದುದರಿಂದ ಒಬ್ಬರ ಟಿಪ್ಪಣಿ ಪುಸ್ತಕದಿಂದ ಇನ್ನೊಬ್ಬರು ಕೈಯಿಂದ ನಕಲು ಮಾಡಿಕೊಳ್ಳುತ್ತಿದ್ದರು. ನಕಲಿನಲ್ಲಿ 4 ಎಂಬ ಅಂಕಿ ಇಂಗ್ಲಿಷಿನ ಎ ಅಕ್ಷರವಾಗುತ್ತಿತ್ತು. ಬಿ ಅಕ್ಷರವು 13 ಆಗುತ್ತಿತ್ತು. ಅಷ್ಟೇ ಅಲ್ಲ. ಹಳೆಯ ಲೆಡ್ಜರಿನ ಹಾಳೆಗಳನ್ನು ಹೊಸ ಲೆಡ್ಜರಿನ ನಡುವೆ ಬರೆದುಕೊಂಡರೆ, ಪುಟ 12 ನೋಡಿರಿ ಎಂದಿದ್ದ ಕಡೆಯೆಲ್ಲ ಪುಟಸಂಖ್ಯೆಯನ್ನು ಬದಲಿಸಬೇಕೆಂಬುದು ಗುಮಾಸ್ತರಿಗೆ ಹೇಳಿಕೊಡಬೇಕಾಗಿಲ್ಲ. ಯಂತ್ರದ ಆದೇಶಗಳಲ್ಲಿಯೂ ಇಂತಹ ಸ್ಥಾನಸಂಖ್ಯೆಗಳು ತುಂಬಿದ್ದವು; ಪ್ರತಿಯೊಂದಕ್ಕೂ ಹೊಸ ಸ್ಥಾನವನ್ನು ಕೂಡಿಸಿ ಬರೆಯಬೇಕಾಗಿತ್ತು. ಡಾಕ್ಟರೇಟ್ ಪಡೆದ ಗಣಿತಜ್ಞರು ಈ ನಕಲಿನಲ್ಲಿಯೂ ಕೂಡಿಕೆಯಲ್ಲಿಯೂ ದಿನವೂ ತಪ್ಪುತ್ತಿದ್ದರು. ನಕಲು ಮಾಡುವುದು, ಕೂಡುವುದು, ಇವೆರಡೂ ಯಂತ್ರಕ್ಕೆ ಅತ್ಯಂತ ಚೆನ್ನಾಗಿ ಬರುವ ಕೆಲಸಗಳು. ಅವನ್ನೇ ಮನುಷ್ಯರು ಮಾಡುತ್ತ ಕುಳಿತಿದ್ದರು.

ಹಾಪರರು ಈ ತುಣುಕುಗಳನ್ನು ಒಂದು ಟೇಪಿನ ಮೇಲೆ ಕ್ರಮವಾಗಿ ಹಾಕಿ ಒಂದೊಂದಕ್ಕೆ ಒಂದೊಂದು ಗುರುತಿನ ಹೆಸರು ಕೊಟ್ಟರು. ಬರೆಯುವವನು ಆ ಗುರುತುಗಳನ್ನು ಬೇಕಾದ ಕ್ರಮದಲ್ಲಿ ಬರೆದುಕೊಟ್ಟರೆ ಸಾಕು. ಯಂತ್ರವೇ ತುಣುಕುಗಳನ್ನು ಹುಡುಕಿ, ನಕಲಿಸಿ, ಸ್ಥಾನಸಂಖ್ಯೆಗಳನ್ನು ಸರಿಪಡಿಸಿ, ಪೂರ್ತಿ ಆದೇಶಪಟ್ಟಿಯನ್ನು ಹೊಂದಿಸಿಕೊಡುತ್ತಿತ್ತು. ಸಂಕಲನ ಮಾಡುವುದೆಂಬರ್ಥದಲ್ಲಿ ಇದಕ್ಕೆ ಕಂಪೈಲರ್ ಎಂದು ಹೆಸರಿಟ್ಟರು. 1951-52ರಲ್ಲಿ ಸಿದ್ಧವಾದ ಎ-ಸೊನ್ನೆ ಎಂಬ ಈ ಕಂಪೈಲರ್ ಇಂದಿನ ಕಂಪೈಲರುಗಳ ಎದುರು ಬಹಳ ಸರಳವಾದುದು. ಅದನ್ನು ಆ ಹೆಸರಿನಿಂದ ಕರೆಯಬಹುದೇ ಎಂದು ವಾದಿಸುವವರೂ ಇದ್ದಾರೆ. ಅದಿರಲಿ. ಯಂತ್ರವೊಂದು ತನಗೆ ಬೇಕಾದ ಆದೇಶಗಳನ್ನು ತಾನೇ ಬರೆದುಕೊಂಡಿತೆಂಬುದು ದೊಡ್ಡ ಹೆಜ್ಜೆ. 1952ರ ಮೇ ತಿಂಗಳಲ್ಲಿ ಪಿಟ್ಸ್‌ಬರ್ಗಿನಲ್ಲಿ ನಡೆದ ವಿದ್ವತ್‌ಸಭೆಯಲ್ಲಿ ಇದನ್ನು ಕುರಿತು ಪ್ರಬಂಧವನ್ನೋದಿದರು.

ಫಲವೇನಾಯಿತು? ಬಹುಮಂದಿ ನಂಬಲಿಲ್ಲ. ಯಂತ್ರವು ಲೆಕ್ಕವನ್ನಷ್ಟೇ ಮಾಡಬಲ್ಲುದು, ಆದೇಶ ಬರೆಯಲಾರದು ಎಂದು, ಬರೆಯುತ್ತಿದ್ದ ಯಂತ್ರವನ್ನು ಎದುರಿಗಿಟ್ಟುಕೊಂಡೇ ಅವರಿಗೆ ತಿಳಿಹೇಳಿದರು. ಈ ನಿರಾಕರಣೆಯ ಹಿಂದೆ ಬರೀ ಅಜ್ಞಾನವಿತ್ತೆಂದು ಭಾವಿಸಬಾರದು. ಯಂತ್ರದ ಸಮಯಕ್ಕೆ ಅಂದು ಅಪಾರ ಬೆಲೆ; ಆ ಸಮಯವನ್ನು ಮನುಷ್ಯನ ಅನುಕೂಲಕ್ಕೆ ವ್ಯಯಿಸುವುದು ದುಂದೆಂದು ತೋರುತ್ತಿತ್ತು. ಕೈಯಿಂದ ಬರೆದ ಆದೇಶಗಳು ಯಂತ್ರ ಬರೆದವುಗಳಿಗಿಂತ ಬಿಗಿಯಾಗಿಯೂ ಇರುತ್ತಿದ್ದವು. ಆದರೆ ಇನ್ನೊಂದು ಕಾರಣವೂ ಇತ್ತು. 1957ರಲ್ಲಿ ಹೊರಬಂದ ಫೋರ್ಟ್ರಾನ್ ಭಾಷೆಯ ನಿರ್ಮಾಪಕ ಜಾನ್ ಬ್ಯಾಕಸ್ ಅವರು ಮುಂದೆ ಆ ಕಾಲದ ಪ್ರೋಗ್ರಾಮರುಗಳನ್ನು ಗುಟ್ಟು ಕಾಯುವ ಪೌರೋಹಿತ್ಯಕ್ಕೆ ಹೋಲಿಸಿದ್ದಾರೆ. ಮಂತ್ರವನ್ನು ಊರಿಗೆಲ್ಲ ಹೇಳಿಕೊಟ್ಟ ಮೇಲೆ ಪುರೋಹಿತರಿಗೆ ದಕ್ಷಿಣೆ ಎಲ್ಲಿಯದು? ನಮ್ಮ ಹೊಟೇಲು ಉದ್ಯಮದಲ್ಲಿಯೂ ಸಾರಿನ ಪುಡಿಯ ಅಳತೆಯನ್ನು ಬಾಗಿಲು ಹಾಕಿಕೊಂಡು ಬೆರೆಸುವ ಭಟ್ಟರನ್ನು ಕಂಡವರಿಗೆ ಇದು ತಟ್ಟನೆ ಅರ್ಥವಾಗುತ್ತದೆ.

ಹಾಪರರು ವಾದದಿಂದ ಗೆಲ್ಲಲು ಹೋಗದೆ ಮಾಡಿ ತೋರಿಸುವ ಹಾದಿ ಹಿಡಿದರು. ಗಣಿತಜ್ಞರು ಸಂಕೇತಗಳನ್ನು ಪ್ರೀತಿಸುತ್ತಾರೆ, ಸರಿ; ಆದರೆ ಯೂನಿವ್ಯಾಕನ್ನು ಕೊಳ್ಳುವ ವಿಮಾ ಕಂಪೆನಿಯ, ಉಕ್ಕಿನ ಕಾರ್ಖಾನೆಯ ಲೆಕ್ಕದ ಗುಮಾಸ್ತರು ಮಾತುಗಳಲ್ಲಿ ಯೋಚಿಸುತ್ತಾರೆ ಎಂಬುದನ್ನು ಅವರು ಕಂಡುಕೊಂಡರು. ಸಂಬಳದ ಪಟ್ಟಿಯಾಗಲಿ, ದಾಸ್ತಾನಿನ ಲೆಕ್ಕವಾಗಲಿ, ಅಲ್ಲಿ ನಡೆಯುವ ಕೆಲಸಗಳು ಕೆಲವೇ: ಓದು, ಹೋಲಿಸು, ಕೂಡಿಸು, ಗುಣಿಸು, ಬರೆ, ಮುಂದಿನದಕ್ಕೆ ಹೋಗು. ಈ ಕ್ರಿಯಾಪದಗಳನ್ನೇ ಆದೇಶಗಳನ್ನಾಗಿ ಮಾಡಿದರೆ ಗುಮಾಸ್ತರು ತಮ್ಮ ಕೆಲಸವನ್ನು ತಾವೇ ಬರೆಯಬಹುದು, ಮೇಲಧಿಕಾರಿಗಳು ಅದನ್ನು ಓದಬಹುದು. ದಾಸ್ತಾನಿನ ಕಡತವನ್ನು ಬೆಲೆಯ ಕಡತದೊಡನೆ ಇಡು, ಎರಡರ ವಸ್ತುಸಂಖ್ಯೆಗಳನ್ನು ಹೋಲಿಸು, ಸಮನಾದರೆ ಪರಿಮಾಣವನ್ನು ದರದಿಂದ ಗುಣಿಸು, ಹೀಗೆ. ನಮ್ಮ ಉಗ್ರಾಣದ ಪುಸ್ತಕ ಬರೆಯುವ ಹುಡುಗನೂ ಇದನ್ನು ಓದಿ ಅರಿತುಕೊಳ್ಳಬಲ್ಲನು.

1955ರ ಆರಂಭದಲ್ಲಿ ಇಂತಹ ಒಂದು ಪುಟ್ಟ ಮಾದರಿಯನ್ನು ಕಂಪೆನಿಯ ಮುಖ್ಯರ ಎದುರಿಗೆ ನಡೆಸಿ ತೋರಿಸಿದರು. ಆದೇಶಗಳು ಇಂಗ್ಲಿಷಿನಲ್ಲಿದ್ದವು. ಯಂತ್ರಕ್ಕೆ ಪದವೆಂದರೆ ಒಂದು ಗುರುತು ಮಾತ್ರ, ಯಾವ ಭಾಷೆಯಾದರೂ ಒಂದೇ ಎಂಬುದನ್ನು ಮನಗಾಣಿಸಲು ಅವೇ ಆದೇಶಗಳನ್ನು ಫ್ರೆಂಚಿನಲ್ಲಿಯೂ ಜರ್ಮನಿನಲ್ಲಿಯೂ ಬರೆದು ನಡೆಸಿದರು. ಯಂತ್ರವು ಮೂರನ್ನೂ ಸಮನಾಗಿ ಪಾಲಿಸಿತು. ಮುಖ್ಯರು ಹೌಹಾರಿದರು! ಫಿಲಡೆಲ್ಫಿಯದಲ್ಲಿ ಕಟ್ಟಿದ ಮರ್ಯಾದಸ್ಥ ಅಮೇರಿಕನ್ ಯಂತ್ರಕ್ಕೆ ಫ್ರೆಂಚ್ ಜರ್ಮನ್ ಬರುವುದೆಂದರೇನು ಎಂಬುದು ಅವರ ದಿಗ್ಭ್ರಮೆ. ಇಂಗ್ಲಿಷೊಂದನ್ನೇ ಬಳಸುತ್ತೇವೆಂದು ಒಪ್ಪಿಸಲು ತಿಂಗಳುಗಳು ಹಿಡಿದವು. ಬೆಳಿಗ್ಗೆ ಅಡಿಗೆಯವರೊಡನೆ ತುಳು, ಗಿರಾಕಿಯೊಡನೆ ಮರಾಠಿ ಅಥವಾ ತಮಿಳು, ಗಲ್ಲಾಪೆಟ್ಟಿಗೆಯಲ್ಲಿ ಇಂಗ್ಲಿಷ್ ಅಂಕಿ, ಊರಿಗೆ ಕಾಗದ ಬರೆಯುವಾಗ ಕನ್ನಡ, ಹೀಗೆ ಬಾಳುವ ನಮಗೆ ಆ ಮುಖ್ಯರ ಗಾಬರಿ ವಿಚಿತ್ರವಾಗಿ ಕಾಣುತ್ತದೆ. ಆದರೆ ಅಂದು ಅವರು ಇಂಗ್ಲಿಷಿನೊಳಗೇ ಹಾಕಿದ ಗೆರೆಯನ್ನು ಲೋಕದ ಪ್ರಧಾನ ಪ್ರೋಗ್ರಾಮು ಭಾಷೆಗಳು ಇಂದಿಗೂ ದಾಟಿಲ್ಲ. ಯಂತ್ರಕ್ಕೆ ಅಡ್ಡಿಯಿರಲಿಲ್ಲವೆಂಬುದನ್ನು ಹಾಪರರು 1955ರಲ್ಲಿಯೇ ತೋರಿಸಿದ್ದರು.

ಈ ಮಾದರಿಯೇ ಬೆಳೆದು ಫ್ಲೋ-ಮ್ಯಾಟಿಕ್ ಎಂಬ ಹೆಸರಿನಿಂದ ಯೂನಿವ್ಯಾಕ್ ಗಿರಾಕಿಗಳ ಕೈ ಸೇರಿತು. ಆದರೆ ಅದು ಒಂದು ಕಂಪೆನಿಯ ಭಾಷೆ. ಬೇರೆ ಬೇರೆ ಕಂಪೆನಿಗಳ ಯಂತ್ರಗಳಿಗೆ ಬೇರೆ ಬೇರೆ ಆದೇಶಗಳು. ಯಂತ್ರ ಬದಲಿಸಿದರೆ ಬರೆದುದೆಲ್ಲ ವ್ಯರ್ಥ. 1959ರ ಮೇ 28 ಮತ್ತು 29ರಂದು ಅಮೇರಿಕಾದ ರಕ್ಷಣಾ ಇಲಾಖೆಯ ಆಶ್ರಯದಲ್ಲಿ ಪೆಂಟಗನ್ ಭವನದಲ್ಲಿ ಸರಕಾರದವರೂ ಯಂತ್ರ ತಯಾರಕರೂ ಬಳಕೆದಾರರೂ ಕೂಡಿ, ಎಲ್ಲ ಯಂತ್ರಗಳಿಗೂ ಸಲ್ಲುವ ಒಂದು ವಾಣಿಜ್ಯ ಭಾಷೆಯನ್ನು ರಚಿಸಲು ಸಮಿತಿಗಳನ್ನು ನೇಮಿಸಿದರು. ಅದರಿಂದ ಹುಟ್ಟಿದುದೇ ಕೋಬಾಲ್. ಹಾಪರರನ್ನು ಕೋಬಾಲಿನ ತಾಯಿಯೆಂದು ಕರೆಯುವ ರೂಢಿಯಿದೆ. ರಚನಾ ಸಮಿತಿಯಲ್ಲಿ ದುಡಿದ ಜೀನ್ ಸ್ಯಾಮೆಟ್ ಎಂಬ ವಿದುಷಿ ಇದನ್ನು ಒಪ್ಪುತ್ತಿರಲಿಲ್ಲ. ಅವರ ಆಕ್ಷೇಪ ನ್ಯಾಯವಾದುದೇ. ಬರೆದವರು ಸಮಿತಿಯವರು, ಹಾಪರರು ಸಲಹೆಗಾರರು. ಆದರೆ ಸಮಿತಿಯು ಕೈಯಲ್ಲಿ ಹಿಡಿದುಕೊಂಡು ಹೊರಟ ಮುಖ್ಯ ಮಾದರಿ ಫ್ಲೋ-ಮ್ಯಾಟಿಕ್ ಎಂಬುದೂ ಅಷ್ಟೇ ಸತ್ಯ. ಅಜ್ಜಿ ಎಂದು ಕರೆದರೆ ಇಬ್ಬರಿಗೂ ಸಮಾಧಾನವಾದೀತು.

ಈ ಶಿಶು ಬದುಕುವುದೆಂದು ಬಲ್ಲವರಿಗೇ ಭರವಸೆಯಿರಲಿಲ್ಲ. ಸಮಿತಿಯ ಕೆಲಸ ನಿಧಾನವಾಯಿತೆಂದು ಬೇಸತ್ತ ಸದಸ್ಯರೊಬ್ಬರು ಕೋಬಾಲ್ ಎಂಬ ಹೆಸರು ಕೆತ್ತಿಸಿದ ಗೋರಿಕಲ್ಲೊಂದನ್ನು ಕೊಂಡು ಪೆಂಟಗನ್ನಿನ ಮುಖ್ಯಾಧಿಕಾರಿಗೆ ಪಾರ್ಸೆಲ್ ಮಾಡಿ ಕಳುಹಿಸಿದರು! ಆ ಕಲ್ಲು ಈಗ ಕ್ಯಾಲಿಫೋರ್ನಿಯದ ಗಣಕಯಂತ್ರ ಇತಿಹಾಸದ ವಸ್ತುಸಂಗ್ರಹಾಲಯದಲ್ಲಿದೆ. 1960ರ ಡಿಸೆಂಬರಿನಲ್ಲಿ ಒಂದೇ ಕೋಬಾಲ್ ಆದೇಶಪಟ್ಟಿಯನ್ನು ಪರಸ್ಪರ ಸ್ಪರ್ಧಿಗಳಾದ ಎರಡು ಕಂಪೆನಿಗಳ ಯಂತ್ರಗಳ ಮೇಲೆ, ಅಲ್ಪಸ್ವಲ್ಪ ಬದಲಾವಣೆಯೊಡನೆ, ನಡೆಸಿ ತೋರಿಸಲಾಯಿತು. ಕೋಬಾಲ್ ತಿಳಿಯದ ಯಂತ್ರಗಳನ್ನು ಕೊಳ್ಳಲು ಸರಕಾರವು ಹಿಂಜರಿಯತೊಡಗಿದ ಮೇಲೆ ತಯಾರಕರೆಲ್ಲ ದಾರಿಗೆ ಬಂದರು. ಬ್ಯಾಂಕು, ವಿಮೆ, ಪಿಂಚಣಿ, ಸಂಬಳ, ತೆರಿಗೆ, ಎಲ್ಲೆಡೆಯಲ್ಲಿಯೂ ಕೋಬಾಲ್ ಹರಡಿತು.

ವಿದ್ವಾಂಸರ ವಲಯದಲ್ಲಿ ಇದಕ್ಕೆ ಗೌರವ ದೊರೆಯಲಿಲ್ಲ. ನೆದರ್ಲೆಂಡ್ಸಿನ ಎಡ್ಸ್ಗರ್ ಡೈಕ್‌ಸ್ಟ್ರಾ ಅವರಂತಹ ಶಾಸ್ತ್ರಜ್ಞರು 1975ರಲ್ಲಿ ಇದನ್ನು ಬುದ್ಧಿಗೇ ಹಾನಿಕರವೆಂಬಂತೆ ಖಂಡಿಸಿದರು. ಅವರ ಟೀಕೆಯಲ್ಲಿ ಹುರುಳಿಲ್ಲದಿಲ್ಲ. ವಾಕ್ಯಗಳು ಸಾಮಾನ್ಯ ಭಾಷೆಯಂತಿದ್ದ ಮಾತ್ರಕ್ಕೆ ಯೋಚನೆ ಸುಲಭವಾಗುವುದಿಲ್ಲ; ಮೇಲಧಿಕಾರಿಗಳು ಕೋಬಾಲನ್ನು ಓದಿ ತಿದ್ದುವರೆಂಬ ನಿರೀಕ್ಷೆಯೂ ಬಹುಮಟ್ಟಿಗೆ ಹುಸಿಯಾಯಿತು. ಆದರೆ ಗಣಿತದ ಪದವಿಯಿಲ್ಲದ ಸಾವಿರಾರು ಜನ ಈ ಭಾಷೆಯ ಮೂಲಕ ಒಂದು ಹೊಸ ಉದ್ಯೋಗವನ್ನು ಪ್ರವೇಶಿಸಿದರು. ನನ್ನ ತಕ್ಕಡಿಯಲ್ಲಿ ಇದೇ ಹೆಚ್ಚು ತೂಗುತ್ತದೆ.

ಗುಮಾಸ್ತರ ಮಾತನ್ನು ಯಂತ್ರ ಕಲಿತುದರಿಂದ ಗುಮಾಸ್ತರ ಕೆಲಸವೂ ಯಂತ್ರದ ಪಾಲಾಗಲಿಲ್ಲವೇ ಎಂದು ವಾಚಕರು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆಯೇ. ನಮ್ಮ ದೇಶದಲ್ಲಿ ವಿಮೆ ಮತ್ತು ಬ್ಯಾಂಕುಗಳ ನೌಕರರ ಸಂಘಗಳು ದಶಕಗಳ ಕಾಲ ಗಣಕಯಂತ್ರವನ್ನು ವಿರೋಧಿಸಿದುದು ಈ ಭೀತಿಯಿಂದಲೇ. 1983ರಲ್ಲಿ ಬ್ಯಾಂಕುಗಳೊಡನೆ ಒಪ್ಪಂದವಾದ ಮೇಲಷ್ಟೇ ಯಂತ್ರಗಳು ಮಿತವಾಗಿ ಒಳಬಂದವು. ರಾತ್ರಿಶಾಲೆಗಳಲ್ಲಿ ಓದಿ ಹೊಟೇಲಿನಿಂದ ಬ್ಯಾಂಕಿನ ಮೇಜಿಗೆ ಏರಿದ ನಮ್ಮವರು ಅನೇಕರು. ಅವರ ಭೀತಿ ನಿರಾಧಾರವಾಗಿತ್ತೆಂದು ಹೇಳಲು ನನ್ನಿಂದಾಗದು. ಲೆಡ್ಜರು ಬರೆಯುವ ಹುದ್ದೆಗಳು ನಿಜವಾಗಿಯೂ ಕರಗಿದವು. ಹಾಪರರಾದರೋ ಗುಮಾಸ್ತರನ್ನು ಹೊರಗಿಡುವುದಕ್ಕಲ್ಲ, ಯಂತ್ರದ ಕೋಣೆಯ ಒಳಗೆ ಕರೆದುಕೊಳ್ಳುವುದಕ್ಕೆ ಹೊರಟವರು. ಒಂದೇ ಬಾಗಿಲಿನಿಂದ ಕೆಲವರು ಒಳಗೆ ಹೋದರು, ಕೆಲವರು ಹೊರಗೆ ಬಂದರು.

1966ರ ಕೊನೆಗೆ, ಅರವತ್ತು ತುಂಬಿದ ಹಾಪರರನ್ನು ನೌಕಾಪಡೆಯ ಮೀಸಲು ದಳವು ನಿವೃತ್ತಿಗೊಳಿಸಿತು. ಆದರೆ ನೌಕಾಪಡೆಯ ಸಂಬಳದ ಆದೇಶಪಟ್ಟಿಯನ್ನು ನೂರಾರು ಸಲ ತಿರುಗಿ ಬರೆದರೂ ಅದು ಹದಕ್ಕೆ ಬಂದಿರಲಿಲ್ಲ. 1967ರ ಆಗಸ್ಟಿನಲ್ಲಿ ಆರು ತಿಂಗಳ ಮಟ್ಟಿಗೆಂದು ಅವರನ್ನು ಮತ್ತೆ ಕರೆಸಿದರು. ಆ ಆರು ತಿಂಗಳು ಹತ್ತೊಂಬತ್ತು ವರ್ಷಗಳಾದವು! ಒಂದೊಂದು ಕಂಪೆನಿಯ ಕೋಬಾಲ್ ಒಂದೊಂದು ಬಗೆಯಾಗಿ ಬೆಳೆಯುತ್ತಿದ್ದುದನ್ನು ಪರೀಕ್ಷೆಗಳ ಮೂಲಕ ಒಂದೇ ಅಳತೆಗೆ ತಂದುದು ಈ ಅವಧಿಯ ದೊಡ್ಡ ಸಾಧನೆ. ಎಲ್ಲ ಅಂಗಡಿಗಳಲ್ಲಿಯೂ ಸೇರು ಒಂದೇ ಆಗಿರಬೇಕೆಂದು ನೋಡಿಕೊಳ್ಳುವಂತಹ ಕೆಲಸ. ಹೆಸರು ತರುವುದಲ್ಲ, ಆದರೆ ಇಲ್ಲದಿದ್ದರೆ ವ್ಯಾಪಾರ ನಡೆಯದು.

ಅವರ ಕಛೇರಿಯ ಗೋಡೆಯ ಮೇಲೆ ಮುಳ್ಳುಗಳು ಹಿಂದಕ್ಕೆ ತಿರುಗುವ ಗಡಿಯಾರವೊಂದಿತ್ತು. ಮೊದಲ ದಿನ ನೋಡಿದವರು ತಬ್ಬಿಬ್ಬಾಗುತ್ತಿದ್ದರು. ಕೆಲವು ದಿನಗಳಲ್ಲಿ ಅದರಲ್ಲಿ ಹೊತ್ತು ಸರಿಯಾಗಿಯೇ ಕಾಣತೊಡಗುತ್ತಿತ್ತು. ಮೊದಲಿನಿಂದ ಹೀಗೆಯೇ ನಡೆದು ಬಂದಿದೆ ಎಂಬ ಉತ್ತರವನ್ನು ಹಾಪರರು ಎಲ್ಲಕ್ಕಿಂತ ಹೆಚ್ಚಾಗಿ ದ್ವೇಷಿಸುತ್ತಿದ್ದರು. ದೊಡ್ಡ ಕೆಲಸಕ್ಕೆ ದೊಡ್ಡ ಯಂತ್ರವೇ ಬೇಕೆಂಬುದು ಅಂದಿನ ಇನ್ನೊಂದು ನಂಬಿಕೆ. ಮರದ ದಿಮ್ಮಿಯನ್ನು ಒಂದು ಎತ್ತು ಎಳೆಯಲಾರದೆ ಹೋದರೆ ರೈತನು ಎತ್ತನ್ನು ಹಿಗ್ಗಿಸಲು ಹೋಗುವುದಿಲ್ಲ, ಇನ್ನೊಂದು ಎತ್ತನ್ನು ಕಟ್ಟುತ್ತಾನೆ. ಅಂತೆಯೇ ಚಿಕ್ಕ ಯಂತ್ರಗಳನ್ನು ಜೋಡಿಸಿ ದುಡಿಸಬೇಕೆಂಬುದು ಅವರ ವಾದವಾಗಿತ್ತು. ಇಂದಿನ ಬೃಹತ್ ಗಣಕ ಕೇಂದ್ರಗಳು ನಡೆಯುತ್ತಿರುವುದು ಈ ರೀತಿಯಲ್ಲಿಯೇ.

ಭಾಷಣಗಳಿಗೆ ಹೋದಾಗ ಸುಮಾರು ಹನ್ನೆರಡು ಅಂಗುಲದ ತಂತಿಯ ತುಂಡುಗಳನ್ನು ಕೊಂಡೊಯ್ದು ಸಭಿಕರಿಗೆ ಹಂಚುತ್ತಿದ್ದರು. ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗದಲ್ಲಿ ವಿದ್ಯುತ್ತು ಹೆಚ್ಚೆಂದರೆ ಅಷ್ಟು ದೂರ, ಸರಿಯಾಗಿ ಹೇಳುವುದಾದರೆ 11.8 ಅಂಗುಲ, ಸಾಗಬಲ್ಲುದು. ಅದರ ಸಾವಿರಪಟ್ಟು ಕಾಲಕ್ಕೆ 984 ಅಡಿ ತಂತಿಯ ಸುರುಳಿ. ಉಪಗ್ರಹದ ಮೂಲಕ ಸುದ್ದಿ ತಲುಪಲು ಅಷ್ಟು ಹೊತ್ತೇಕೆಂದು ಕೇಳುವ ಸೇನಾಧಿಪತಿಗಳಿಗೆ ಈ ತಂತಿಯನ್ನು ತೋರಿಸುತ್ತಿದ್ದರು. ಇನ್ನೂ ಸಾವಿರಪಟ್ಟು ಸೂಕ್ಷ್ಮವಾದ ಕಾಲವನ್ನು ತೋರಿಸಲು, ಹೊಟೇಲುಗಳಲ್ಲಿ ಮೇಜಿನ ಮೇಲಿಡುವ ಮೆಣಸಿನ ಪುಡಿಯ ಪೊಟ್ಟಣಗಳನ್ನು ಹಂಚುತ್ತಿದ್ದರು. ಒಂದೊಂದು ಕಣವೂ ಆ ಕಾಲದ ಒಂದೊಂದು ಅಳತೆ. ನಮ್ಮ ಮೆಣಸಿಗೆ ಇಂತಹ ಘನತೆ ಬೇರೆಲ್ಲಿ ದೊರೆತಿದೆಯೋ ಕಾಣೆ.

1969ರಲ್ಲಿ ಗಣಕ ಉದ್ಯಮದ ಒಂದು ಸಂಘವು ವರ್ಷದ ಪುರುಷ ಎಂಬ ತನ್ನ ಹೊಸ ಪ್ರಶಸ್ತಿಯನ್ನು ಮೊಟ್ಟಮೊದಲು ಈ ಮಹಿಳೆಗೆ ನೀಡಿತು! 1983ರಲ್ಲಿ ದೂರದರ್ಶನದ ಒಂದು ಕಾರ್ಯಕ್ರಮದಲ್ಲಿ ಅವರನ್ನು ಕಂಡು ಬೆರಗಾದ ಸಂಸತ್ಸದಸ್ಯರೊಬ್ಬರ ಪ್ರಯತ್ನದಿಂದ ಅವರಿಗೆ ಕಮೊಡೋರ್ ಪದವಿ ದೊರೆಯಿತು. 1985ರಲ್ಲಿ ಆ ಪದವಿಯ ಹೆಸರು ರಿಯರ್ ಅಡ್ಮಿರಲ್ ಎಂದಾಯಿತು. 1986ರ ಆಗಸ್ಟ್ 14ರಂದು ಬೋಸ್ಟನ್ ಬಂದರಿನಲ್ಲಿ, ಆ ನೌಕಾಪಡೆಯ ಅತ್ಯಂತ ಹಳೆಯ ಹಡಗಾದ ಕಾನ್ಸ್ಟಿಟ್ಯೂಶನ್ನಿನ ಮೇಲೆ, ಎಪ್ಪತ್ತೊಂಬತ್ತರ ವಯಸ್ಸಿನಲ್ಲಿ ಅವರು ನಿವೃತ್ತರಾದರು. ಅಲ್ಲಿಗೂ ಮನೆ ಸೇರಲಿಲ್ಲ. ಡಿಜಿಟಲ್ ಎಂಬ ಗಣಕಯಂತ್ರ ಕಂಪೆನಿಗೆ ಸಲಹೆಗಾರರಾಗಿ ಭಾಷಣ ಮಾಡುತ್ತ ತಿರುಗಿದರು. 1992ರ ಜನವರಿ 1ರಂದು ವರ್ಜೀನಿಯದ ಆರ್ಲಿಂಗ್ಟನ್ನಿನಲ್ಲಿ ಎಂಬತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡರು. ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ಪೂರ್ಣ ಸೈನಿಕ ಮರ್ಯಾದೆಯೊಡನೆ ಅವರನ್ನು ಸಮಾಧಿ ಮಾಡಲಾಯಿತು. ಅವರ ಹೆಸರನ್ನಿಟ್ಟ ಒಂದು ಯುದ್ಧನೌಕೆಯು 1997ರಲ್ಲಿ ಸೇವೆಗೆ ಸೇರಿತು. 2016ರಲ್ಲಿ ಅಮೇರಿಕಾದ ಅತ್ಯುನ್ನತ ನಾಗರಿಕ ಪದಕವೂ ಮರಣೋತ್ತರವಾಗಿ ಸಂದಿತು.

ಅವರು ತೀರಿಕೊಂಡ ಮೇಲೆ ಕೋಬಾಲ್ ಕಂಡ ವಿಪರ್ಯಾಸ ಬೇರೆ. ಹಿಂದಿನ ದಿನಗಳಲ್ಲಿ ಯಂತ್ರದ ಸ್ಮೃತಿಯಲ್ಲಿ ಒಂದೊಂದು ಅಕ್ಷರದ ಸ್ಥಳಕ್ಕೂ ಬೆಲೆಯಿದ್ದುದರಿಂದ ಇಸವಿಯನ್ನು ಎರಡೇ ಅಂಕಿಗಳಲ್ಲಿ ಬರೆಯುವ ರೂಢಿ ಬಿದ್ದಿತ್ತು. ಸ್ಥಳ ಅಗ್ಗವಾದ ಮೇಲೂ, ಮೊದಲಿನಿಂದ ಹಾಗೆಯೇ ಇತ್ತೆಂಬ ಒಂದೇ ಕಾರಣಕ್ಕೆ, ಆ ರೂಢಿ ಮುಂದುವರಿಯಿತು. 2000ನೆಯ ಇಸವಿ ಸಮೀಪಿಸಿದಾಗ 00 ಎಂಬುದನ್ನು ಯಂತ್ರಗಳು 1900 ಎಂದು ತಿಳಿದಾವೆಂಬ ಭಯ ಲೋಕವನ್ನೆಲ್ಲ ಹಿಡಿಯಿತು. ಹಳೆಯ ಕೋಬಾಲ್ ಆದೇಶಗಳನ್ನು ಸಾಲು ಸಾಲಾಗಿ ಓದಿ ತಿದ್ದುವ ಕೆಲಸ ಬೆಂಗಳೂರು, ಮುಂಬಯಿ, ಹೈದರಾಬಾದುಗಳ ಕಂಪೆನಿಗಳಿಗೆ ಬಂದಿತು. ನಮ್ಮ ಎಷ್ಟೋ ಮನೆಗಳ ಹುಡುಗ ಹುಡುಗಿಯರು ಮೊದಲ ಸಲ ವಿಮಾನ ಹತ್ತಿದುದು ಆ ಎರಡು ಅಂಕಿಗಳ ಕೃಪೆಯಿಂದ.

2020ರ ಏಪ್ರಿಲಿನಲ್ಲಿ ಕೊರೋನಾ ಪಿಡುಗಿನ ನಡುವೆ ನ್ಯೂಜರ್ಸಿ ರಾಜ್ಯದಲ್ಲಿ ಕೆಲಸ ಕಳೆದುಕೊಂಡವರ ಅರ್ಜಿಗಳ ಹೊರೆಯಿಂದ ಸರಕಾರದ ಹಳೆಯ ಯಂತ್ರವ್ಯವಸ್ಥೆ ಏದುಸಿರು ಬಿಡತೊಡಗಿತು. ಅದು ಬರೆಯಲ್ಪಟ್ಟುದು ಕೋಬಾಲಿನಲ್ಲಿ. ರಾಜ್ಯದ ಗವರ್ನರರು ಪತ್ರಕರ್ತರ ಎದುರು ನಿಂತು, ಕೋಬಾಲ್ ಬಲ್ಲ ಸ್ವಯಂಸೇವಕರು ಯಾರಾದರೂ ಇದ್ದರೆ ನೆರವಿಗೆ ಬರಬೇಕೆಂದು ವಿನಂತಿಸಿದರು. ಅದನ್ನು ಬಲ್ಲವರಲ್ಲಿ ಅನೇಕರು ಆ ವೇಳೆಗೆ ನಿವೃತ್ತರಾಗಿ ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನವರಾಗಿದ್ದರು.